ಮೋಟಾರು ಸತ್ತಿಲ್ಲ, ದಾರಿ ತಪ್ಪಿದೆ



ಹಿಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿ ಭರಣಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವ ಬಗ್ಗೆ ಬರೆದಿದ್ದೆ. ಈ ಸಲವೂ ಮಳೆಗಾಲದ ರಗಳೆಯೇ, ಆದರೆ ಅಡುಗೆಮನೆಯದ್ದಲ್ಲ. "ಇವಳಿಗೇಕೆ ಈ ಉಸಾಬರಿ, ಒಗ್ಗರಣೆಯ ಬಗ್ಗೆ ಬರೆದುಕೊಂಡಿದ್ದರೆ ಸಾಲದೆ?" ಎಂದು ಮೂಗು ಮುರಿಯಬೇಡಿ. ನಿಮ್ಮ ಮನೆಯಲ್ಲೂ ಮಗನದ್ದೋ ಮೊಮ್ಮಗಳದ್ದೋ ಒಂದು ಇಂಕ್‌ಜೆಟ್ ಪ್ರಿಂಟರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರಬಹುದು. ಇವತ್ತಲ್ಲ ನಾಳೆ ಅದು ನಿಮಗೂ ಕೆಂಪು ದೀಪ ತೋರಿಸೀತು. ಆಗ ಈ ಪುಟ ನೆನಪಾದರೆ ನಿಮ್ಮ ಮೂರು ಸಾವಿರ ರೂಪಾಯಿ ಉಳಿದರೂ ಉಳಿಯಬಹುದು.

ನಮ್ಮ ಮನೆಗೆ ಪ್ರಿಂಟರ್ ಬಂದದ್ದು ಸಂಘದ ಭಾನುವಾರದ ಕನ್ನಡ ತರಗತಿಯ ದೆಸೆಯಿಂದ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು. ಮನೆಯಲ್ಲಿ ಅಜ್ಜಿಯ ಜತೆ ಕನ್ನಡವನ್ನೋ ತುಳುವನ್ನೋ ಮಾತಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಹಿಂದಿ. ಅಕ್ಷರ ಮಾತ್ರ ಗೊತ್ತಿಲ್ಲ. ಅವರಿಗೆಂದು ವಾರಕ್ಕೊಂದು ಅಭ್ಯಾಸದ ಹಾಳೆ ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಚುಕ್ಕಿ ಚುಕ್ಕಿಯ ಅಕ್ಷರ, ಪಕ್ಕದಲ್ಲೊಂದು ಬಣ್ಣ ತುಂಬುವ ಚಿತ್ರ. ಶನಿವಾರ ಸಂಜೆ ಇಪ್ಪತ್ತು ಇಪ್ಪತ್ತೈದು ಹಾಳೆ ಅಚ್ಚು ಮಾಡಿ ಚೀಲಕ್ಕೆ ತುಂಬಿಸಿಟ್ಟರೆ ಭಾನುವಾರದ ಚಿಂತೆ ಇಲ್ಲ.

ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಕ್ರಿಕೆಟ್ ಬಿಡಿಸಿ ಕರೆತಂದರೆಂದು ಮೊದಲ ಎರಡು ತಿಂಗಳು ಮುಖ ಊದಿಸಿಕೊಂಡೇ ಕೂತಿರುತ್ತಿದ್ದವನು. ಒಂದು ಭಾನುವಾರ ಹೊರಡುವಾಗ ಹತ್ತಿರ ಬಂದು, "ಟೀಚರ್, ನನ್ನ ಹೆಸರಿನ ಹಾಳೆ ಮಾಡ್ತೀರಾ? ಅದರಲ್ಲಿ ಎರಡು ಒತ್ತಕ್ಷರ ಇದೆಯಂತೆ, ಅಜ್ಜ ಹೇಳಿದ್ರು" ಎಂದ. ಎರಡು ತಿಂಗಳಲ್ಲಿ ಅವನಾಗಿ ಕೇಳಿದ ಮೊದಲ ಮಾತು ಅದು! ಮುಂದಿನ ವಾರ ಖಂಡಿತ ತರುತ್ತೇನೆಂದು ಮಾತು ಕೊಟ್ಟೆ.

2024ರ ಜುಲೈ ತಿಂಗಳ ಶನಿವಾರ ಅದು. ಹೊರಗೆ ಧೋ ಎಂದು ಮಳೆ. ಒಳಗೆ ನಾನು ಪತ್ರೊಡೆಗೆ ಕೆಸುವಿನೆಲೆ ಸುತ್ತುತ್ತಾ, ನಡುನಡುವೆ ಎದ್ದು ಹೋಗಿ ಪ್ರಿಂಟರಿಗೆ ಹಾಳೆ ಇಡುತ್ತಾ ಎರಡು ದೋಣಿಯಲ್ಲಿ ಕಾಲಿಟ್ಟಿದ್ದೆ. ಐದಾರು ಹಾಳೆ ಚೆನ್ನಾಗಿಯೇ ಬಂದವು. ಮಳೆಗಾಲದ ಥಂಡಿಗೆ ಕಾಗದ ಮೆತ್ತಗಾಗಿತ್ತು ನೋಡಿ, ಏಳನೆಯದು ಸಿಕ್ಕಿಕೊಂಡಿತು. ಮುಚ್ಚಳ ತೆರೆದು, ಅವಸರದಲ್ಲಿ ಎಳೆದು ತೆಗೆದೆ. ಹಾಳೆ ಬಂತು. ಮತ್ತೆ ಚಾಲೂ ಮಾಡಿದರೆ ಒಳಗಿನಿಂದ "ಗರ್ರ್" ಎಂದಿತು, "ಟಕ್" ಎಂದು ಎಲ್ಲಿಗೋ ಬಡಿದುಕೊಂಡಿತು, ನಿಂತಿತು. ಕೆಂಪು ದೀಪ ಮಿಣುಕತೊಡಗಿತು. ಕಂಪ್ಯೂಟರಿನ ತೆರೆಯ ಮೇಲೆ "ಕ್ಯಾರಿಯೇಜ್ ಮೋಟಾರ್ ಎರರ್" ಎಂಬ ಬರಹ. ಆರಿಸಿ ಹಾಕಿದೆ, ಹತ್ತು ಸಲ. ಹತ್ತು ಸಲವೂ ಅದೇ ಗರ್ರ್, ಅದೇ ಟಕ್.

ಮೂಲೆಯ ಝೆರಾಕ್ಸ್ ಅಂಗಡಿಗೆ ಓಡೋಣವೆಂದರೆ ಮಳೆಗೆ ಅದು ಬೇಗನೆ ಬಾಗಿಲು ಹಾಕಿತ್ತು. ಭಾನುವಾರ ಬರಿಗೈಯಲ್ಲಿ ಹೋದೆ. ಕಪ್ಪುಹಲಗೆಯ ಮೇಲೆ ಬರೆದು ಹೇಗೋ ಪಾಠ ಮುಗಿಸಿದೆ. ಆ ಹುಡುಗ ಏನೂ ಕೇಳಲಿಲ್ಲ. ನನ್ನ ಚೀಲವನ್ನೊಮ್ಮೆ ನೋಡಿ ಹಿಂದಿನ ಬೆಂಚಿಗೆ ಹೋಗಿ ಕೂತುಬಿಟ್ಟ. ಕೇಳಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಸೋಮವಾರ ರಿಪೇರಿಯ ಹುಡುಗ ಬಂದ. ಪಾಪ, ಒಳ್ಳೆಯವನೇ. ಪ್ರಿಂಟರ್ ಚಾಲೂ ಮಾಡಿದ, ಗರ್ರ್-ಟಕ್ ಕೇಳಿಸಿಕೊಂಡ, ತೆರೆಯ ಮೇಲಿನ ಬರಹ ಓದಿದ. ಮುಚ್ಚಳ ಪೂರ್ತಿ ತೆರೆಯಲೂ ಇಲ್ಲ. ನಮ್ಮವರ ಕಡೆ ತಿರುಗಿ, "ಅಂಕಲ್, ಮೋಟಾರ್ ಗಯಾ. ಮೋಟಾರು, ಕೂಲಿ ಎಲ್ಲ ಸೇರಿ 3,200 ಆಗ್ತದೆ. ಅದಕ್ಕಿಂತ ನಯಾ ಲೇ ಲೋ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಏನು ಬಡಿಯುತ್ತಿದೆ ಎಂದು ಕೇಳಿದೆ. "ಆಂಟಿ, ಅದು ಟೆಕ್ನಿಕಲ್ ಇದೆ" ಎಂದ. ಆ ಪ್ರಿಂಟರನ್ನು ನಮ್ಮ ಮನೆಯಲ್ಲಿ ಮುಟ್ಟುವವಳು ನಾನೊಬ್ಬಳೇ! ಆದರೂ "ಹೌದಪ್ಪ, ನನಗೇನು ಗೊತ್ತಾಗುತ್ತದೆ" ಎಂದು ನನ್ನ ಬಾಯಿಂದಲೇ ಬಂದುಬಿಟ್ಟಿತು. ಮೂವತ್ತು ವರ್ಷಗಳ ರೂಢಿ.

ಅವನು ಹೋದ ಮೇಲೆ ನಮ್ಮವರು, "ಸುಮ್ಮನೆ ರದ್ದಿಗೆ ಹಾಕು ಮಾರಾಯ್ತಿ, ಹೊಸದು ತರೋಣ. ಇಲ್ಲದಿದ್ದರೆ ಆ ಸರಳಿಗೆ ಎರಡು ತೊಟ್ಟು ತೆಂಗಿನೆಣ್ಣೆ ಬಿಟ್ಟು ನೋಡು, ಹೊಲಿಗೆಯಂತ್ರ ಸರಿಯಾಗುವುದಿಲ್ಲವೆ?" ಎಂದರು. "ಎರಡು ದಿನ ಸಮಯ ಕೊಡಿ, ಎಣ್ಣೆ ಮಾತ್ರ ಬೇಡ" ಎಂದೆ. ಈ ಎಣ್ಣೆಯ ಮಾತನ್ನು ನೀವು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾನು ಓದಿದ್ದು ಇಂಗ್ಲಿಷ್ ಬಿ.ಎ. ಯಂತ್ರದ ವಿದ್ಯೆ ಇಲ್ಲದಿದ್ದರೂ ಶಬ್ದದ ಮೇಲೆ ಸ್ವಲ್ಪ ಗಮನ ಹರಿಯುತ್ತದೆ. "ಎರರ್" ಎಂಬ ಶಬ್ದದ ಲ್ಯಾಟಿನ್ ಮೂಲಕ್ಕೆ ಅಲೆದಾಡುವುದು, ದಾರಿ ತಪ್ಪುವುದು ಎಂಬ ಅರ್ಥವಿದೆ. ಕಾಲೇಜಿನಲ್ಲಿ ಶೇಕ್ಸ್‌ಪಿಯರನ "ಕಾಮೆಡಿ ಆಫ್ ಎರರ್ಸ್" ಓದಿದವರಿಗೆ ನೆನಪಿರಬಹುದು. ಎರಡು ಜೊತೆ ಅವಳಿಗಳು, ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬನಿಗೆ ಪೆಟ್ಟು. ಪ್ರಿಂಟರಿನ ಮೋಟಾರಿನ ಕಥೆಯೂ ಬಹಳ ಸಲ ಹೀಗೆಯೇ ಎಂಬುದು ಆ ಎರಡು ದಿನಗಳಲ್ಲಿ ನನಗೆ ತಿಳಿಯಿತು. ಮೊಬೈಲಿನಲ್ಲಿ ಹುಡುಕಿ, ಪ್ರಿಂಟರಿನ ಜತೆ ಬಂದ ಪುಸ್ತಿಕೆ ಓದಿ, ಕಣ್ಣಾರೆ ನೋಡಿ ನಾನು ಕಲಿತದ್ದನ್ನು ಈಗ ಹೇಳುತ್ತೇನೆ.

ಇಂಕ್‌ಜೆಟ್ ಪ್ರಿಂಟರ್ ಎಂದರೆ ಮೂಲತಃ ಎರಡು ಚಲನೆ. ಹಾಳೆ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಶಾಯಿ ಚಿಮುಕಿಸುವ ತಲೆಯನ್ನು ಹೊತ್ತ ಪುಟ್ಟ ಗಾಡಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಕ್ಯಾರಿಯೇಜ್ ಎನ್ನುವುದೂ ಗಾಡಿ ಎಂದೇ. ಹಲವು ಪ್ರಿಂಟರುಗಳಲ್ಲಿ ಹಾಳೆಗೊಂದು, ಗಾಡಿಗೊಂದು ಮೋಟಾರು ಇರುತ್ತದೆ. ಗಾಡಿಯ ಮೋಟಾರು ಹಲ್ಲಿರುವ ರಬ್ಬರು ಬೆಲ್ಟಿನ ಮೂಲಕ ಅದನ್ನು ಒಂದು ಲೋಹದ ಸರಳಿನ ಮೇಲೆ ಎಳೆದಾಡಿಸುತ್ತದೆ.

ತಲೆಯಿಂದ ಚಿಮ್ಮುವ ಹನಿ ಎಷ್ಟು ಸಣ್ಣದು ಗೊತ್ತೆ? ಅದನ್ನು ಅಳೆಯುವುದು ಪಿಕೋಲೀಟರಿನಲ್ಲಿ. ಒಂದು ಪಿಕೋಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಒಂದು ಹನಿಯಲ್ಲಿ ಅಂಥವು ಕೆಲವೇ ಕೆಲವು. ಹೀಗೆ ಶಾಯಿ ಚಿಮ್ಮಿಸುವ ವಿದ್ಯೆಯ ಹಿಂದೆ ಸ್ವಾರಸ್ಯದ ಕಥೆಗಳಿವೆ. 1951ರಲ್ಲಿ ಸ್ವೀಡನ್ನಿನ ರೂನ್ ಎಲ್ಮ್‌ಕ್ವಿಸ್ಟ್ ಎಂಬವರು ಹೃದಯಬಡಿತದಂಥ ಸಂಕೇತಗಳನ್ನು ಶಾಯಿಯ ಎಳೆಯಿಂದ ಕಾಗದದ ಮೇಲೆ ಬರೆಯುವ ಸಾಧನಕ್ಕೆ ಪೇಟೆಂಟ್ ಪಡೆದರು. 1958ರಲ್ಲಿ ರೋಗಿಯ ದೇಹದೊಳಗೆ ಮೊತ್ತಮೊದಲು ಅಳವಡಿಸಿದ ಪೇಸ್‌ಮೇಕರನ್ನು ತಯಾರಿಸಿದವರೂ ಅವರೇ! ಇನ್ನು 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಬಿಸಿ ಬೆಸುಗೆಕಡ್ಡಿ ಅಕಸ್ಮಾತ್ತಾಗಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗಲಿ ಶಾಯಿ ಚಿಮ್ಮಿತಂತೆ. ಶಾಯಿಯನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆಯ ಒತ್ತಡದಿಂದ ಹನಿ ಚಿಮ್ಮಿಸುವ ಅವರ ಬಬಲ್ ಜೆಟ್ ಹುಟ್ಟಿದ್ದು ಹಾಗೆ. ಒಲೆಯ ಮೇಲಿನ ಹಾಲು ಉಕ್ಕುವುದನ್ನು ದಿನಾ ನೋಡುವ ನಮಗೆ ಇದು ಹೊಳೆಯದೇ ಹೋಯಿತಲ್ಲ!

ಇರಲಿ, ವಿಷಯಕ್ಕೆ ಬರುತ್ತೇನೆ. ಇಷ್ಟು ಸೂಕ್ಷ್ಮದ ಹನಿ ಸರಿಯಾದ ಜಾಗಕ್ಕೇ ಬೀಳಬೇಕಾದರೆ, ತಾನು ಈಗ ಎಲ್ಲಿದ್ದೇನೆ ಎಂಬುದು ಗಾಡಿಗೆ ಪ್ರತಿ ಕ್ಷಣವೂ ಗೊತ್ತಿರಬೇಕು. ಅದಕ್ಕೆ ಏನು ಉಪಾಯ? ಮುಚ್ಚಳ ತೆರೆದು ಟಾರ್ಚ್ ಹಿಡಿದು ನೋಡಿ. ಗಾಡಿಯ ಹಿಂಬದಿಗೆ, ಪ್ರಿಂಟರಿನ ಈ ತುದಿಯಿಂದ ಆ ತುದಿಯವರೆಗೆ ಬಿಗಿದು ಕಟ್ಟಿದ ಒಂದು ತೆಳು ಪ್ಲಾಸ್ಟಿಕ್ ಪಟ್ಟಿ ಕಾಣಿಸುತ್ತದೆ. ಅಗಲ ಸುಮಾರು ಬೆರಳಿನರ್ಧದಷ್ಟು. ಅದರ ಹೆಸರು ಎನ್‌ಕೋಡರ್ ಪಟ್ಟಿ. ಬರಿಗಣ್ಣಿಗೆ ಬೂದುಬಣ್ಣದ ಹಾಗೆ ಕಂಡರೂ ಅದರ ತುಂಬ ಕೂದಲೆಳೆಯಂಥ ಗೆರೆಗಳಿರುತ್ತವೆ, ಎಷ್ಟೋ ಮಾದರಿಗಳಲ್ಲಿ ಇಂಚಿಗೆ 150 ಅಥವಾ 180. ಇಂಚಿಗೆ 150 ಎಂದರೂ ಒಂದು ಎ4 ಹಾಳೆಯ ಅಗಲವನ್ನು ದಾಟುವಷ್ಟರಲ್ಲಿ 1,240ರಷ್ಟು ಗೆರೆಗಳಾದವು. ಗಾಡಿಯ ಬೆನ್ನಿಗಿರುವ ಪುಟ್ಟ ಬೆಳಕಿನ ಕಣ್ಣು ಈ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಗೆರೆ ಎಣಿಸುತ್ತಾ ಓಡುತ್ತದೆ.

ದಾದರಿನಿಂದ ಡೊಂಬಿವಲಿಗೆ ಸ್ಲೋ ಲೋಕಲಿನಲ್ಲಿ ಬರುವವರು ಏನು ಮಾಡುತ್ತೀರಿ? ಕಿಟಕಿಯ ಹೊರಗೆ ನೋಡುತ್ತಾ ಮಾಟುಂಗ, ಸಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್ ಎಂದು ಎಣಿಸುತ್ತೀರಿ. ಜೋರು ಮಳೆಗೆ ಶಟರ್ ಎಳೆದುಬಿಟ್ಟರೆ ಯಾವ ಸ್ಟೇಷನ್ ಎಂದೇ ತಿಳಿಯದೆ ಗಲಿಬಿಲಿ. ಗಾಡಿಯದ್ದೂ ಇದೇ ಪಾಡು. ಪಟ್ಟಿಯ ಮೇಲೆ ಶಾಯಿಯ ಕಲೆಯೋ ಜಿಡ್ಡೋ ಬಿದ್ದರೆ ಬೆಳಕಿನ ಕಣ್ಣಿಗೆ ಗೆರೆ ಕಾಣಿಸದು. ಪ್ರಿಂಟರಿನ ಮಿದುಳು, "ನಾನು ಮೋಟಾರಿಗೆ ವಿದ್ಯುತ್ ಕೊಟ್ಟೆ, ಆದರೆ ಗಾಡಿ ಮುಂದೆ ಹೋದ ಸುದ್ದಿ ಬರಲಿಲ್ಲ" ಎಂದುಕೊಂಡು ಇನ್ನಷ್ಟು ಜೋರಾಗಿ ತಳ್ಳುತ್ತದೆ. ಗಾಡಿ ಹೋಗಿ ಗೋಡೆಗೆ ಬಡಿಯುತ್ತದೆ. ಅದೇ ಟಕ್! ಕೂಡಲೇ "ಮೋಟಾರ್ ಎರರ್" ಎಂದು ಸಾರಿ ಕೈಕಟ್ಟಿ ಕೂರುತ್ತದೆ.

ಅಂದರೆ ಆ ಬರಹದ ಅರ್ಥ ಇಷ್ಟೇ: ಮೋಟಾರಿನಿಂದ ನಿರೀಕ್ಷಿಸಿದ ಚಲನೆ ಬರಲಿಲ್ಲ, ಅಥವಾ ಬಂದದ್ದು ತಿಳಿಯಲಿಲ್ಲ. ಏಕೆ ಎಂಬುದನ್ನು ಯಂತ್ರ ಹೇಳಲಾರದು. ನಮ್ಮ ಮಿಕ್ಸಿಯನ್ನೇ ನೋಡಿ. ದೋಸೆಹಿಟ್ಟು ಗಟ್ಟಿಯಾದರೆ ತಟ್ಟನೆ ನಿಲ್ಲುತ್ತದೆ. ಆಗ ಮೋಟಾರು ಸುಟ್ಟಿತೆಂದು ಅಳುತ್ತೇವೆಯೆ? ಹಿಟ್ಟಿಗೆ ನೀರು ಸೇರಿಸಿ, ಮಿಕ್ಸಿಯ ಅಡಿಯ ಕೆಂಪು ಗುಂಡಿ ಒತ್ತುತ್ತೇವೆ. ಹೊಲಿಗೆಯಂತ್ರ ಬಿಗಿಯಾದರೆ ಬಾಬಿನ್ನಿನಲ್ಲಿ ನೂಲು ಸಿಕ್ಕಿದೆಯೇ ಎಂದು ಮೊದಲು ನೋಡುತ್ತೇವೆ. ಪ್ರಿಂಟರಿನ ಮುಂದೆ ಮಾತ್ರ ಈ ತಿಳುವಳಿಕೆಯನ್ನು ಯಾಕೆ ಕಟ್ಟಿಡಬೇಕು?

ಈಗ ಕ್ರಮವಾಗಿ ಏನು ಮಾಡಬೇಕೆಂದು ಹೇಳುತ್ತೇನೆ. ಇದ್ಯಾವುದಕ್ಕೂ ಸ್ಕ್ರೂಡ್ರೈವರ್ ಬೇಡ. ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಬಿಚ್ಚಲೇಬೇಡಿ.

ಮೊದಲು ಪ್ರಿಂಟರನ್ನು ಆರಿಸಿ, ಪ್ಲಗ್ಗನ್ನೂ ಕಿತ್ತು ಐದು ಹತ್ತು ನಿಮಿಷ ಬಿಡಿ. ಎಷ್ಟೋ ಸಲ ಗಲಿಬಿಲಿಯಾದ ಮಿದುಳು ಇಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ, ಚಾಲೂ ಮಾಡಿ ಕಿವಿಗೊಟ್ಟು ಕೇಳಿ. ಚಾಲೂ ಆದೊಡನೆ ಗಾಡಿ ಒಮ್ಮೆ ಓಡಾಡಿ ತನ್ನ ಮನೆ ಎಲ್ಲಿದೆ ಎಂದು ಹುಡುಕಿಕೊಳ್ಳುತ್ತದೆ. ಗಾಡಿ ಓಡಿ ಬಡಿದುಕೊಂಡರೆ ಮೋಟಾರಿಗೆ ಜೀವ ಇದೆ ಎಂದರ್ಥ. ಸತ್ತ ಮೋಟಾರು ಬಡಿಯುವುದಿಲ್ಲ! ಈ ಒಂದು ಮಾತು ಸೋಮವಾರ ನನಗೆ ಹೊಳೆದಿದ್ದರೆ ಆ ಹುಡುಗನಿಗೆ ಅಲ್ಲೇ ಹೇಳುತ್ತಿದ್ದೆ. ಗಾಡಿ ಮಿಸುಕಾಡುವ ಶಬ್ದವಷ್ಟೇ ಬಂದು ಜಾಗದಿಂದ ಕದಲದಿದ್ದರೆ ಏನೋ ಅಡ್ಡ ಸಿಕ್ಕಿದೆ. ಏನೂ ಸದ್ದೇ ಇಲ್ಲದಿದ್ದರೆ ಮಾತ್ರ ಮೋಟಾರನ್ನೋ ಒಳಗಿನ ಬೋರ್ಡನ್ನೋ ಅನುಮಾನಿಸಬೇಕು.

ಎರಡನೆಯದು, ಗಾಡಿಯನ್ನು ಕೈಯಲ್ಲಿ ಸರಿಸಿ ನೋಡುವುದು. ಗುಂಡಿ ಒತ್ತಿ ಆರಿಸಿದಾಗ ಹೆಚ್ಚಿನ ಮಾದರಿಗಳಲ್ಲಿ ಗಾಡಿ ಬಲತುದಿಯ ಮನೆಗೆ ಹೋಗಿ ಬೀಗ ಹಾಕಿಕೊಳ್ಳುತ್ತದೆ. ಆಗ ಎಳೆದರೆ ಬಾರದು, ಬಲ ಹಾಕಿದರೆ ಹಲ್ಲು ಮುರಿದೀತು. ಆದ್ದರಿಂದ ಗಾಡಿ ನಡುವೆ ಇರುವಾಗಲೇ ಪ್ಲಗ್ ಕೀಳಿ. ಆಮೇಲೆ ಅದು ಬೆರಳಿನ ಮೆಲ್ಲನೆಯ ತಳ್ಳುವಿಕೆಗೆ ಸರಾಗವಾಗಿ ಓಡಬೇಕು. ಪ್ಲಗ್ ಇರುವಾಗ ಮಾತ್ರ ಕೈ ಹಾಕಬೇಡಿ. ಎಲ್ಲಿ ತಡೆಯುತ್ತದೋ ಅಲ್ಲಿ ಟಾರ್ಚ್ ಬಿಟ್ಟು ನೋಡಿ. ಸಿಕ್ಕಿಕೊಂಡ ಹಾಳೆಯನ್ನು ಎಳೆದಾಗ ಹರಿದುಳಿದ ಮೂಲೆ, ಹಿಂದಿನ ತಟ್ಟೆಯಿಂದ ಒಳಗೆ ಜಾರಿದ ಪಿನ್ನು, ಪೆನ್ನಿನ ಮುಚ್ಚಳ, ನಾಣ್ಯ, ಮಕ್ಕಳಿರುವ ಮನೆಯಾದರೆ ಇನ್ನೇನು ಬೇಕಾದರೂ ಇರಬಹುದು. ಕಾಟ್ರಿಜ್ ಸರಿಯಾಗಿ ಕೂರದೆ ಅದರ ಮುಚ್ಚಳ ಎದ್ದು ತಾಗುವುದೂ ಉಂಟು. ಶಾಯಿಯ ಟ್ಯಾಂಕು ಇರುವ ಪ್ರಿಂಟರಾದರೆ ಗಾಡಿಗೆ ಹೋಗುವ ತೆಳು ಕೊಳವೆಗಳು ಜಾಗ ಬಿಟ್ಟು ಅಡ್ಡ ಬಂದಿವೆಯೇ ನೋಡಿ. ಇಂಥ ಪ್ರಿಂಟರನ್ನು ಒಳಗೆ ಬಿದ್ದ ಪಿನ್ನು ಬರಲೆಂದು ತಲೆಕೆಳಗು ಮಾಡಿ ಕೊಡವಿದಿರೋ, ಪಿನ್ನಿಗಿಂತ ಮೊದಲು ಶಾಯಿ ಬರುತ್ತದೆ. ನೆಲ, ಗೋಡೆ, ಸೀರೆ ಎಲ್ಲಕ್ಕೂ ಓಕುಳಿ!

ಮೂರನೆಯದು, ಬಲತುದಿಯ ಗಾಡಿಯ ಮನೆ. ಶಾಯಿ ಒಣಗದಿರಲೆಂದು ತಲೆಯನ್ನು ಮುಚ್ಚುವ ರಬ್ಬರಿನ ಟೊಪ್ಪಿಗೆ ಅಲ್ಲಿರುತ್ತದೆ. ತಿಂಗಳುಗಟ್ಟಲೆ ಪ್ರಿಂಟರ್ ಉಪಯೋಗಿಸದಿದ್ದರೆ ಅಲ್ಲಿ ಶಾಯಿ ಗಟ್ಟಿಯಾಗಿ ಅಂಟಿನ ಹಾಗೆ ಗಾಡಿಯನ್ನು ಹಿಡಿದುಬಿಡುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿದರೆ ಬಿಟ್ಟುಕೊಡುತ್ತದೆ. ವಾರಕ್ಕೊಂದಾದರೂ ಬಣ್ಣದ ಹಾಳೆ ಅಚ್ಚು ಮಾಡುತ್ತಿದ್ದರೆ ಈ ತಾಪತ್ರಯವೇ ಬಾರದು.

ನಾಲ್ಕನೆಯದು ಮತ್ತು ಮುಖ್ಯವಾದದ್ದು, ನಮ್ಮ ಎನ್‌ಕೋಡರ್ ಪಟ್ಟಿ. ಹಳೆಯ ಪಂಚೆಯ ಮೆತ್ತಗಿನ, ನೂಲು ಬಿಡದ ತುಂಡನ್ನು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿ, ಪಟ್ಟಿಯ ಎರಡು ಬದಿಗೂ ಬಟ್ಟೆ ಬರುವಂತೆ ಎರಡು ಬೆರಳಿನ ನಡುವೆ ಹಿಡಿದು, ಈ ತುದಿಯಿಂದ ಆ ತುದಿಗೆ ಹಗುರಾಗಿ ಸವರಿ. ಜಿಡ್ಡು ಇದ್ದರೆ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಒಂದೇ ಹನಿ. ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಸೀಮೆಎಣ್ಣೆ, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಇತ್ಯಾದಿ ಹತ್ತಿರವೂ ಸುಳಿಯಬಾರದು, ಗೆರೆಗಳೇ ಅಳಿಸಿಹೋದರೆ ಪಟ್ಟಿ ದಂಡ. ಪಟ್ಟಿಯ ಒಂದು ತುದಿ ಕೊಕ್ಕೆಗೆ, ಇನ್ನೊಂದು ತುದಿ ಸ್ಪ್ರಿಂಗಿಗೆ ಸಿಕ್ಕಿಸಿರುವುದೇ ಹೆಚ್ಚು. ಎಳೆದರೆ ಕಳಚುತ್ತದೆ. ಕೈ ಹಾಕುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಳಚಿದರೂ ಯಾವ ಮಗ್ಗುಲು ಮೇಲಿತ್ತು, ಗಾಡಿಯ ಬೆನ್ನಿನ ಸೀಳಿನಲ್ಲಿ ಹೇಗೆ ಹಾದುಹೋಗಿತ್ತು ಎಂದು ತಿಳಿಯುತ್ತದೆ. ಹಾಳೆಯ ಮೋಟಾರಿನ ಕಡೆಗೂ ಇಂಥದೇ ಗೆರೆಗಳ ಒಂದು ದುಂಡನೆಯ ಬಿಲ್ಲೆ ಹಲವು ಪ್ರಿಂಟರುಗಳಲ್ಲಿರುತ್ತದೆ. ಅದು ಮಲಿನವಾದರೂ ಮೋಟಾರಿನ ದೂರೇ ಬರುತ್ತದೆ, ಆದರೆ ಅದಕ್ಕೆ ಕೈ ಎಟುಕುವುದು ಕಷ್ಟ.

ನನ್ನ ಪ್ರಿಂಟರಿನಲ್ಲಿ ಕಂಡದ್ದೇನು? ಮಂಗಳವಾರ ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ ಕನ್ನಡಕ ಹಾಕಿ ಕೂತೆ. ಗಾಡಿ ಬೆರಳಿಗೆ ಬೆಣ್ಣೆಯಂತೆ ಸರಿಯಿತು. ಕಾಗದದ ಚೂರೂ ಇಲ್ಲ, ಪಿನ್ನೂ ಇಲ್ಲ. ಟಾರ್ಚನ್ನು ಓರೆಯಾಗಿ ಹಿಡಿದಾಗ ಪಟ್ಟಿಯ ಎಡಭಾಗದಲ್ಲಿ ಹೆಬ್ಬೆರಳಿನಗಲದ ಒಂದು ಮಿರುಗುವ ಗುರುತು! ಅದರ ಮೇಲೆ ಶಾಯಿಯ ಹುಡಿ ಕೂತು ಮಸಿಯಾಗಿತ್ತು. ಬೆರಳಚ್ಚು ಯಾರದ್ದು ಎಂದು ಕೇಳಲು ಪೊಲೀಸರು ಬೇಕಿರಲಿಲ್ಲ. ಶನಿವಾರ ಪತ್ರೊಡೆ ಕಟ್ಟುತ್ತಿದ್ದ, ತೆಂಗಿನೆಣ್ಣೆ ಮೆತ್ತಿದ್ದ ಕೈಯಲ್ಲೇ ನಾನು ಹಾಳೆ ಎಳೆದಿದ್ದೆ. ಮೋಟಾರು ನಿರಪರಾಧಿ, ಕೈ ನನ್ನದು.

ಸೋಪಿನ ನೀರಿನಲ್ಲಿ ಒರೆಸಿ, ಬರೀ ನೀರಿನಲ್ಲಿ ಒರೆಸಿ, ಒಣಗಿಸಿ ಪ್ಲಗ್ ಹಾಕಿದೆ. ಎದೆ ಡವಡವ ಎನ್ನುತ್ತಿತ್ತು ಎಂದರೆ ನಗಬೇಡಿ. ಗಾಡಿ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮನೆ ಸೇರಿತು. ಟಕ್ ಇಲ್ಲ. ಹಸಿರು ದೀಪ.

ಕೂಡಲೇ ಒತ್ತಕ್ಷರದ ಹಾಳೆ ಅಚ್ಚು ಮಾಡಿದೆ. ಕನ್ನಡ ಅಕ್ಷರ ಪ್ರಿಂಟರಿಗೆ ಒಳ್ಳೆಯ ಪರೀಕ್ಷೆ ಎಂಬುದು ಆಗ ಗೊತ್ತಾಯಿತು. ಗಾಡಿ ಹೋಗುವಾಗಲೂ ಬರುವಾಗಲೂ ಶಾಯಿ ಚಿಮುಕಿಸುತ್ತದಲ್ಲ, ಎಣಿಕೆ ಸ್ವಲ್ಪ ತಪ್ಪಿದರೂ ಎರಡೂ ಕಡೆಯ ಗೆರೆ ಕೂಡುವುದಿಲ್ಲ. ತಲೆಕಟ್ಟು ಎರಡೆರಡಾಗಿ ಕಾಣುತ್ತದೆ, ಒತ್ತು ಬುಡದಿಂದ ಪಕ್ಕಕ್ಕೆ ಜಾರುತ್ತದೆ. ನನ್ನ ಮೊದಲ ಹಾಳೆಯಲ್ಲಿ ಅಮ್ಮನ ಮ-ಒತ್ತು ಸ್ವಲ್ಪ ಸರಿದಿತ್ತು. ಕಂಪ್ಯೂಟರಿನಲ್ಲಿ ಪ್ರಿಂಟರಿನ ವಿಭಾಗಕ್ಕೆ ಹೋಗಿ ತಲೆ ಹೊಂದಿಸುವ ಅಲೈನ್‌ಮೆಂಟ್ ಆಯ್ಕೆ ಒತ್ತಿದೆ. ಎರಡನೆಯ ಹಾಳೆಯಲ್ಲಿ ಅಮ್ಮ, ಅಜ್ಜ, ಹಬ್ಬ ಎಲ್ಲ ನೆಟ್ಟಗೆ ನಿಂತವು.

ಇನ್ನು ಎಣ್ಣೆಯ ವಿಷಯ. ಗಾಡಿ ಓಡುವ ಸರಳಿಗೆ ತೆಂಗಿನೆಣ್ಣೆ ಬಿಡಬೇಡಿ ಎಂದೆನಲ್ಲ, ಕಾರಣ ಎರಡು. ಒಂದು, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಮುಂಬಯಿಯಲ್ಲಿ ಹೇಗೋ ನಡೆದೀತು, ದೆಹಲಿ, ಪುಣೆಯ ಚಳಿಗಾಲದಲ್ಲಿ ಗಾಡಿ ಬೆಲ್ಲದ ಪಾಕದಲ್ಲಿ ಸಿಕ್ಕಿದ ಇರುವೆಯಂತಾದೀತು. ಎರಡು, ಎಣ್ಣೆ ಧೂಳನ್ನು ಕರೆಯುತ್ತದೆ, ಸಿಡಿದು ಪಟ್ಟಿಗೂ ತಗಲುತ್ತದೆ. ಸರಳು ಕೊಳೆಯಾಗಿದ್ದರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಗ್ರೀಸು ಹಚ್ಚುವುದು ಬಲ್ಲವರ ಕೆಲಸ.

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ? ದಾರಿ ತೆರವಾಗಿದೆ, ಗಾಡಿ ಸಲೀಸಾಗಿ ಸರಿಯುತ್ತದೆ, ಬೆಲ್ಟು ಗಟ್ಟಿ ಇದೆ, ಪಟ್ಟಿ ಸ್ವಚ್ಛ, ಆದರೂ ಎರರ್ ಬರುತ್ತದೆ ಎಂದಾದರೆ ಮೋಟಾರು, ಅದರ ತಂತಿ, ಬೆಳಕಿನ ಕಣ್ಣು ಅಥವಾ ಬೋರ್ಡು ಕೆಟ್ಟಿರುವ ಸಂಭವ ನಿಜವಾಗಿಯೂ ಇದೆ. ಆಗ ರಿಪೇರಿಯವರನ್ನೇ ಕರೆಯಿರಿ. ಆದರೆ ನೀವು ನೋಡಿದ್ದನ್ನೆಲ್ಲ ಅವರಿಗೆ ಹೇಳಿ. ಬಿಡಿಭಾಗ, ದುರಸ್ತಿಯ ಮಾಹಿತಿ ಬಳಕೆದಾರನಿಗೆ ಸಿಗಲೆಂದು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, "ರೈಟ್ ಟು ರಿಪೇರ್" ಎಂಬ ತಾಣವನ್ನು ಆರಂಭಿಸಿದೆ. ಎಸೆಯಲೇಬೇಕಾಗಿ ಬಂದರೂ ಕಸದ ಬುಟ್ಟಿಗಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಡಿ ಪ್ರಿಂಟರೂ ಬರುತ್ತದೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ.

ಮಳೆಗಾಲದಲ್ಲಿ ಕಾಗದದ ಕಟ್ಟನ್ನು ತೆರೆದಿಡದೆ, ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಹಪ್ಪಳದ ಹಾಗೆ. ಇಡುವ ಮೊದಲು ಹಾಳೆಗಳ ಅಂಚನ್ನು ಇಸ್ಪೀಟೆಲೆಯಂತೆ ಒಮ್ಮೆ ಬಿಡಿಸಿ. ಸಿಕ್ಕಿಕೊಂಡರೆ ಎರಡೂ ಕೈಯಿಂದ, ಕಾಗದ ಹೋಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಅದಕ್ಕೂ ಮೊದಲು ಕೈ ತೊಳೆದುಕೊಳ್ಳಿ! ಇದನ್ನು ಹೇಳುವ ಅರ್ಹತೆ ನನ್ನಷ್ಟು ಇನ್ನಾರಿಗೂ ಇರಲಾರದು.

ಕೆಲವು ದಿನ ಕಳೆದು ಅದೇ ರಿಪೇರಿಯ ಹುಡುಗ ಎದುರುಮನೆಗೆ ಬಂದಿದ್ದ. ಕರೆದು, ಚಹಾ ಕೊಟ್ಟು, ಪ್ರಿಂಟರ್ ಚಾಲೂ ಮಾಡಿ ತೋರಿಸಿದೆ. ಪಟ್ಟಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಂಟಿ, ಪಟ್ಟಿ ಒರೆಸಿದರೆ ನೂರು ರೂಪಾಯಿ ಕೊಡಲಿಕ್ಕೂ ಜನ ಚೌಕಾಸಿ ಮಾಡ್ತಾರೆ. ಗಂಟೆಗಟ್ಟಲೆ ಕೂತು ನೋಡಿದರೆ ನನ್ನ ದಿನ ಹೋಗ್ತದೆ" ಎಂದು ಹಿಂದಿಯಲ್ಲಿ ಹೇಳಿದ. ಅದೂ ಸುಳ್ಳಲ್ಲ. ಬಿಡಿಭಾಗಕ್ಕೆ ಸಾವಿರಗಟ್ಟಲೆ ಕೊಡುವ ನಾವು ಕಣ್ಣಿಟ್ಟು ನೋಡಿದವನಿಗೆ ನೂರು ಕೊಡಲು ಹಿಂದೆಮುಂದೆ ನೋಡುತ್ತೇವೆ. ಹೊರಡುವಾಗ ಅವನು ಕೇಳಿದ, "ಸೋಪು ಎಷ್ಟು ಹಾಕಿದ್ರಿ?" ಒಂದೇ ಹನಿ ಎಂದೆ. ಈ ಸಲ ಅವನು ನನ್ನ ಮುಖ ನೋಡಿಯೇ ಕೇಳಿದ್ದ.

ಮುಂದಿನ ಭಾನುವಾರ ಆ ಹುಡುಗನ ಹೆಸರಿನ ಹಾಳೆ ಒಯ್ದೆ. ಒಂದಲ್ಲ, ಐದು. ತಡವಾದದ್ದಕ್ಕೆ ಬಡ್ಡಿ. ಹಿಂದಿನ ಬೆಂಚಿನಿಂದ ಎದ್ದು ಬಂದು ತೆಗೆದುಕೊಂಡ. ಮೊದಲ ಒತ್ತಕ್ಷರ ಸರಿಯಾಗಿ ಬರೆದ, ಎರಡನೆಯದನ್ನು ಪಕ್ಕಕ್ಕೆ ಬರೆದ. ಅದನ್ನು ಹೊಂದಿಸಲು ಇನ್ನೂ ಕೆಲವು ಭಾನುವಾರ ಬೇಕಾದವು.

ನಿಮ್ಮ ಮನೆಯಲ್ಲಿ "ಹೋಯಿತು" ಎಂದು ಯಾರೋ ಹೇಳಿ, ನೀವೇ ಜೀವ ಬರಿಸಿದ ಯಂತ್ರವೇನಾದರೂ ಇದ್ದರೆ ನನಗೆ ಬರೆಯಿರಿ. ಸಂಘದ ಕಚೇರಿಗೆ ಕಳಿಸಿದರೆ ತಲುಪುತ್ತದೆ. ಮುಂದಿನ ಸಂಚಿಕೆಯಲ್ಲಿ ಗ್ರೈಂಡರಿನ ಬೆಲ್ಟು ಮತ್ತು ನಮ್ಮ ಅತ್ತೆಯವರ ರುಬ್ಬುವ ಕಲ್ಲಿನ ಬಗ್ಗೆ ಮಾತಾಡೋಣ. ಅಲ್ಲಿಯವರೆಗೆ ನಮಸ್ಕಾರ.